ಫೋಟೋ ಕಾಕುವಿನ ನೀಲಿ ಪರದೆ

ಆಕೆಯ ಎಡಗಣ್ಣು ಬಲಗಣ್ಣಿಗಿಂತ ಸಣ್ಣದಿತ್ತು. ಹುಟ್ಟಿನಿಂದ ಬಂದದ್ದಲ್ಲ; ಕ್ಯಾಮೆರಾಕ್ಕೆ ಬಲಗಣ್ಣು ಹಚ್ಚಿ, ಎಡಗಣ್ಣು ಮುಚ್ಚಿ ಮುಚ್ಚಿ ವರ್ಷಗಟ್ಟಲೆ ಕಳೆದದ್ದಕ್ಕೆ ಹಾಗಾಗಿತ್ತು. ಕೈಯಲ್ಲಿ ಕ್ಯಾಮೆರಾ ಇಲ್ಲದಾಗಲೂ, ಏನನ್ನಾದರೂ ಲಕ್ಷ್ಯಗೊಟ್ಟು ನೋಡಬೇಕೆಂದರೆ ಆ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಗುರುತಿಲ್ಲದವರಿಗೆ ಅದು ಕಣ್ಣು ಹೊಡೆದ ಹಾಗೇ ಕಾಣುತ್ತಿತ್ತು. ಒಮ್ಮೆ ಆಳಂದದ ಬಸ್ ಸ್ಟ್ಯಾಂಡಿನಲ್ಲಿ, ಹಣೆತುಂಬ ವಿಭೂತಿ ಧರಿಸಿದ ಹಿರಿಯರೊಬ್ಬರು ರುಮಾಲು ಸುತ್ತಿಕೊಂಡ ಚಂದ ನೋಡುತ್ತ ನಿಂತಿದ್ದಳಂತೆ. ಆ ಮನುಷ್ಯ ಗಾಬರಿಯಾಗಿ, ಮಟಕಿ ಊರಿನ ಬಸ್ಸಿಗೆ ಹೋಗಬೇಕಾದವರು ಚೌಡಾಪುರದ ಬಸ್ಸು ಹತ್ತಿಬಿಟ್ಟರು. ಇದನ್ನು ನನಗೆ ಹೇಳಿದವರು ನಮ್ಮನೆಯವರು. ಆ ಬಸ್ಸಿನ ಕಂಡಕ್ಟರು ಅವರೇ.

ಊರಲ್ಲಿ ಸಣ್ಣವರು ದೊಡ್ಡವರು ಎಲ್ಲರಿಗೂ ಆಕೆ ಫೋಟೋ ಕಾಕು. ನಮ್ಮ ಕಡೆ ಕಾಕು ಅಂದರೆ ಚಿಕ್ಕಮ್ಮ. ಸ್ಟುಡಿಯೋ ಮೊದಲು ಗಂಡನದಾಗಿತ್ತು. ಆತ ತೀರಿಕೊಂಡಾಗ ಇನ್ನೇನು ಬೀಗ ಬೀಳುತ್ತದೆ ಅಂದುಕೊಂಡಿದ್ದರಂತೆ ಎಲ್ಲರೂ. ಕಾರ್ಯ ಮುಗಿದ ಮರುದಿನವೇ ಆಕೆ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಬಾಗಿಲು ತೆಗೆದು ಕೂತಳು. ಗಂಡಸಿನ ಮುಂದೆ ಸ್ಟೂಲಿನ ಮೇಲೆ ಕೂಡಲು ನಾಚುತ್ತಿದ್ದ ಹೆಂಗಸರು ಅವತ್ತಿನಿಂದ ಧೈರ್ಯವಾಗಿ ಬರತೊಡಗಿದರು. ಪಿಂಚಣಿಯ ಮುದುಕಿಯರು, ಪಾಸ್‌ಬುಕ್ಕಿಗೆ ಫೋಟೋ ಬೇಕಾದವರು, ವರನ ಕಡೆಗೆ ಕಳಿಸಲು ಅಕ್ಕನ ಸರ ಹಾಕಿಕೊಂಡು ಬರುವ ಹುಡುಗಿಯರು. ಗೋಡೆಗೆ ಒಂದು ನೀಲಿ ಪರದೆ, ಅದರ ಮುಂದೆ ಸ್ಟೂಲು, ಪಕ್ಕದಲ್ಲಿ ಕನ್ನಡಿ, ಯಾರೂ ಒಯ್ಯಬಾರದೆಂದು ದಾರ ಕಟ್ಟಿದ ಹಣಿಗೆ, ಒಂದು ಪೌಡರ್ ಡಬ್ಬಿ. ಇಷ್ಟೇ ಆಕೆಯ ಸ್ಟುಡಿಯೋ.

ಬಂದವರಿಗೆ ನಗಿರಿ ಅಂತ ಕಾಕು ಯಾವತ್ತೂ ಹೇಳಲಿಲ್ಲ. "ನಗಬ್ಯಾಡ್ರಿ. ಹೆಗಲ ಇಳಸ್ರಿ. ಮಾರಿ ತಾನೇ ಬರ್ತದ," ಅನ್ನುತ್ತಿದ್ದಳು. ನೀವೇ ಮಾಡಿ ನೋಡಿ. ಹೆಗಲು ಇಳಿಸಿದರೆ ಮುಖ ನಿಜಕ್ಕೂ ಮುಖದ ಹಾಗೆ ಆಗುತ್ತದೆ.

ಸ್ಟುಡಿಯೋದ ಹಿಂದೆ ಆಕೆಯ ಮನೆ, ಮನೆಯ ಮಗ್ಗುಲಿಗೆ ಬಾಡಿಗೆಗೆ ನಮ್ಮ ಎರಡು ಖೋಲಿ, ಇಬ್ಬರಿಗೂ ಸೇರಿ ಒಂದೇ ಹಿತ್ತಲು. ಹಿತ್ತಲಲ್ಲಿ ಒಂದು ನಿಂಬೆಗಿಡ, ಒಂದು ಬೇವು, ಬಟ್ಟೆ ಒಣಹಾಕುವ ತಂತಿ. ನಾನು ಜಂಪರ್, ಅಂದರೆ ರವಿಕೆ, ಹೊಲಿಯುವವಳು. ಅಡುಗೆಮನೆಯ ಕಿಟಕಿಗೆ ಮಷೀನು ಹಾಕಿಕೊಂಡು ಕೂಡುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಅಂತ ನಮ್ಮವ್ವನೇ ಹೇಳುತ್ತಾಳೆ, ಇನ್ನು ಬೇರೆಯವರ ಮಾತು ಬಿಡಿ. ಕಾಕುವಿನ ಜೊತೆ ನನ್ನ ಪರಿಚಯ ಶುರುವಾದದ್ದೂ ಜಗಳದಿಂದಲೇ.

ಬಾಡಿಗೆಗೆ ಬಂದು ತಿಂಗಳೂ ಆಗಿರಲಿಲ್ಲ. ಒಂದಿನ ಸ್ಟುಡಿಯೋದ ಮುಂದಿನ ಗಾಜಿನ ಪೆಟ್ಟಿಗೆ ನೋಡುತ್ತೇನೆ, ಮದುಮಕ್ಕಳ ಫೋಟೋಗಳ ನಡುವೆ ನನ್ನ ಹರಕು ಲಂಗದ ಫೋಟೋ! ತಂತಿಯ ಮೇಲೆ ಒಣಹಾಕಿದ್ದು, ಅಂಚು ಕಿತ್ತು ಜೋತುಬಿದ್ದದ್ದು, ಹೋಗಿಬರುವವರೆಲ್ಲ ನೋಡುವ ಹಾಗೆ. ಮೈಗೆ ಬೆಂಕಿ ಬಿದ್ದಂತಾಯಿತು.

"ಏನ್ರಿ ಕಾಕು, ನನ್ನ ಹರಕ ಲಂಗಾ ಊರಿಗೆಲ್ಲ ತೋರಸ್ತೀರೇನ್ರಿ? ಮಂದಿಗಿ ಜಂಪರ್ ಹೊಲ್ಯಾಕಿ, ತನ್ನ ಲಂಗಾ ಹೊಲಕೊಂಡಿಲ್ಲ ಅಂತ ನಗಲಿ ಅಂತೀರೇನು?"

ಆಕೆ ನಕ್ಕಳು. "ಲಂಗಾ ಯಾಕ ನೋಡ್ತಿ ಬೇ? ಅದರ ಅಂಚಿನ್ಯಾಗ ಏನದ ನೋಡು."

ನೋಡಿದೆ. ಹರಿದ ಅಂಚಿನಲ್ಲಿ ಒಂದು ಹೆಣ್ಣುಗುಬ್ಬಿ ಜೋತುಬಿದ್ದು, ಎರಡೂ ಕಾಲು ಊರಿ, ಬಾಯಲ್ಲಿ ದಾರ ಹಿಡಿದು ಎಳೆಯುತ್ತಿತ್ತು. ಸೂಜಿಗೆ ದಾರ ಏರಿಸುವಾಗ ನನ್ನ ಮುಖ ಹೇಗಿರುತ್ತದೋ ಆ ಗುಬ್ಬಿಯ ಮುಖವೂ ಹಾಗೇ ಇತ್ತು.

"ಗೂಡು ಕಟ್ಯಾಕತ್ತಾಳ," ಅಂದಳು ಕಾಕು. "ನಿನ್ನ ಲಂಗದ ದಾರಲೇ ಕಟ್ಯಾಳ. ನನ್ನ ಮೀಟರ್ ಡಬ್ಬಿ ಹಿಂದ ಹೋಗಿ ನೋಡು ಬೇಕಾದ್ರ."

ಹೋಗಿ ನೋಡಿದೆ. ಹುಲ್ಲು, ಕೂದಲು, ಪೊರಕೆಯ ಕಡ್ಡಿಗಳ ನಡುವೆ ನನ್ನ ಗುಲಾಬಿ ದಾರ. ಆಮೇಲೆ ಆ ಲಂಗವನ್ನು ಹೊಲಿಯಲು ಮನಸ್ಸೇ ಬರಲಿಲ್ಲ. ಗುಬ್ಬಿಯ ಕೆಲಸ ಮುಗಿಯುವವರೆಗೂ ಅದು ತಂತಿಯ ಮೇಲೆಯೇ ಇತ್ತು, ನಮ್ಮನೆಯವರು ಎಷ್ಟು ಗೊಣಗಿದರೂ.

ಕಾಕುವಿಗೆ ದಿನನಿತ್ಯದ ಇಂಥವೇ ಬೇಕು. ಸಂತೆಚೀಲದಲ್ಲಿ ಮೆಂತ್ಯೆಪಲ್ಲೆಯ ಕೆಳಗೆ ಕ್ಯಾಮೆರಾ ಇರುತ್ತಿತ್ತು. ಮಠದ ಮೆಟ್ಟಿಲ ಮುಂದೆ ಬಿಟ್ಟ ಚಪ್ಪಲಿಗಳು, ಬುಟ್ಟಿಯೊಳಗೆ ಪೇರಿಸಿಟ್ಟ ಜೋಳದ ರೊಟ್ಟಿ, ತೊಗರಿಯ ರಾಶಿಯ ಮೇಲೆ ನಿದ್ದೆ ಹೋದ ಹಮಾಲ, ಹೋಟೆಲಿನ ಬಾಗಿಲಲ್ಲಿ ತೊಳೆದು ಬೋರಲು ಹಾಕಿದ ಚಹಾ ಗ್ಲಾಸು. "ಇದರ ಫೋಟೋ ತಗದು ಏನ್ ಮಾಡ್ತೀರಿ?" ಅಂತ ಮಂದಿ ಕೇಳುತ್ತಿದ್ದರು. "ನಿಮಗ ಬ್ಯಾಡಾದ್ರ ನನಗಿರಲಿ ಬಿಡ್ರಿ," ಅಂದು ಮುಂದೆ ಹೋಗುತ್ತಿದ್ದಳು.

ಹಕ್ಕಿಗಳ ವಿಷಯದಲ್ಲಿ ಮಾತ್ರ ಆಕೆಯ ಶಿಸ್ತೇ ಬೇರೆ. ಗೂಡು ಕಂಡಕೂಡಲೇ ಕ್ಯಾಮೆರಾ ತೆಗೆದುಕೊಂಡು ಓಡುತ್ತಿರಲಿಲ್ಲ. ಮೊದಲು ಹತ್ತು ಮೊಳ ದೂರದಲ್ಲಿ ಒಂದು ಸ್ಟೂಲು ಇಡುತ್ತಿದ್ದಳು. ಅದರ ಮೇಲೆ ಖಾಲಿಯಾದ ಪೌಡರ್ ಡಬ್ಬಿಯೊಂದನ್ನು ಅಡ್ಡ ಮಲಗಿಸಿ, ಬಾಯಿ ಗೂಡಿನ ಕಡೆಗೆ ಮಾಡಿ, ನಾಲ್ಕು ದಿನ ಬಿಟ್ಟುಬಿಡುತ್ತಿದ್ದಳು. ಹಕ್ಕಿ ಮೊದಮೊದಲು ಡಬ್ಬಿಗೆ ಬೈದು, ಆಮೇಲೆ ಸುಮ್ಮನಾಗಿ, ಕೊನೆಗೆ ಅದರ ಮೇಲೆಯೇ ಕೂತು ಗೂಡಿಗೆ ಹೋಗುವುದನ್ನು ರೂಢಿ ಮಾಡಿಕೊಳ್ಳುತ್ತಿತ್ತು. ಆಗ ಒಂದು ಮುಂಜಾನೆ ಡಬ್ಬಿಯ ಜಾಗಕ್ಕೆ ಕ್ಯಾಮೆರಾ ಬರುತ್ತಿತ್ತು. ಒಂದೈದು ಫೋಟೋ, ಸಾಕು. ಮತ್ತೆ ಡಬ್ಬಿ ತನ್ನ ಜಾಗಕ್ಕೆ. "ಬಾಣಂತಿ ಮನಿಗೆ ಹೋದ್ರ ತಾಸುಗಟ್ಟಲೆ ಕೂಡ್ತೀವೇನು?" ಅನ್ನುತ್ತಿದ್ದಳು.

ಫೋಟೋ ತೆಗೆಯುವುದನ್ನು ನನಗೆ ಕಲಿಸಿದ್ದು ಆಕೆಯೇ. ಎರಡನೇ ವರ್ಷಕ್ಕೆಲ್ಲ ನನ್ನ ಕೈಗೆ ತನ್ನ ಹಳೆಯ ಕ್ಯಾಮೆರಾ ಕೊಟ್ಟಿದ್ದಳು. ಜಂಪರ್ ಹೊಲಿದು ಕೊಟ್ಟಾಗ ಮಂದಿ ಅಳತೆ ಸರಿಬಂತು ಅನ್ನುತ್ತಾರೆ, ಅಷ್ಟೇ. ಫೋಟೋ ತೋರಿಸಿದರೆ "ಅಬ್ಬಾ, ಇದನ್ನ ನೀನೇ ತಗದೀಯೇನ?" ಅನ್ನುತ್ತಿದ್ದರು. ಆ "ನೀನೇ" ಅನ್ನುವ ಮಾತಿನ ರುಚಿ ಹತ್ತಿಬಿಟ್ಟಿತ್ತು ನನಗೆ. ಕಂಡಕ್ಟರ ಹೆಂಡತಿ, ಜಂಪರ್ ಹೊಲಿಯುವಾಕೆ ಅನ್ನಿಸಿಕೊಂಡು ಬೇಸತ್ತಿದ್ದೆ. ಅಂಥದ್ದರಲ್ಲಿ ಕಲಬುರಗಿಯಲ್ಲಿ ಫೋಟೋ ಸ್ಪರ್ಧೆ ಇದೆ, ಮನೆಯ ಸುತ್ತಲಿನ ಜೀವಗಳು ಅಂತ ವಿಷಯ, ಅಂತ ಸುದ್ದಿ ಬಂತು.

ಅದು ಮೇ ತಿಂಗಳು. ನಿಂಬೆಗಿಡದಲ್ಲಿ ಬುಲ್‌ಬುಲ್ ಮರಿ ಮಾಡಿತ್ತು. ತಲೆಯ ಮೇಲೆ ಕರೀ ಜುಟ್ಟು, ಬಾಲದ ಬುಡದಲ್ಲಿ ಕುಂಕುಮ ಇಟ್ಟಷ್ಟು ಕೆಂಪು ಇರುವ ಹಕ್ಕಿ. ಬಟ್ಟಲಿನಂಥ ತೆರೆದ ಗೂಡು, ಮೂರು ಮರಿ, ಆಗತಾನೇ ಕಣ್ಣು ಬಿಡುತ್ತಿದ್ದವು. ಹತ್ತು ಮೊಳದಾಚೆ ಸ್ಟೂಲಿನ ಮೇಲೆ ಡಬ್ಬಿ ಮಲಗಿತ್ತು. ಅಷ್ಟರಲ್ಲಿ ಕಾಕುವಿಗೆ ಅಫಜಲಪುರದ ಕಡೆ, ಕರಜಗಿಯಲ್ಲಿ ಒಂದು ಮನೆಶಾಂತಿಯ ಫೋಟೋಕ್ಕೆ ಕರೆ ಬಂತು. ಹೋಗುವಾಗ ಒಂದೇ ಮಾತು ಹೇಳಿದಳು. "ನಾ ಬರೋತನಕ ಡಬ್ಬಿ ಸರಸಬ್ಯಾಡ."

ನನಗೆ ತಡೆಯಲಾಗಲಿಲ್ಲ. ಮರುದಿನ ಮುಂಜಾನೆ ಕ್ಯಾಮೆರಾ ಹಿಡಿದು ನಿಂತರೆ, ಗೂಡಿನ ಮೇಲೆ ಒಂದು ಟೊಂಗೆ ಅಡ್ಡ. ಬೆರಳು ದಪ್ಪದ್ದು, ಹತ್ತಿಪ್ಪತ್ತು ಎಲೆ. ಅದರ ಕೆಳಗೆ ಕತ್ತಲು. ಅದೊಂದು ಇಲ್ಲದಿದ್ದರೆ ಬೆಳಕು ನೇರ ಗೂಡಿನೊಳಗೆ ಬೀಳುತ್ತದೆ. ಒಳಗೆ ಹೋಗಿ ಜಂಪರ್ ಕತ್ತರಿಸುವ ಕತ್ತರಿ ತಂದೆ, ಚಕ್ಕನೆ ಕತ್ತರಿಸಿದೆ. ಡಬ್ಬಿ ತೆಗೆದು ಬಚ್ಚಲುಕಲ್ಲಿನ ಕಡೆಗೆ ಹಾಕಿದೆ, ಸ್ಟೂಲನ್ನು ನಾಲ್ಕು ಮೊಳಕ್ಕೆ ಎಳೆದುಕೊಂಡೆ. ತಾಯಿಹಕ್ಕಿ ತಂತಿಯ ಮೇಲೆ ಕೂತು ಬೈಯುತ್ತಲೇ ಇತ್ತು. ಮೂರೂ ಮರಿ ಕೆಂಪು ಬಾಯಿ ತೆರೆದು ಕತ್ತು ಮೇಲೆ ಮಾಡಿದವು. ಹಿಂದಿನಿಂದ ಎಳೆಬಿಸಿಲು. ಏನು ಚಂದ ಅಂತೀರಿ! ಅಂಥ ಫೋಟೋ ನಾನು ಮೊದಲೂ ತೆಗೆದಿರಲಿಲ್ಲ, ಆಮೇಲೂ ತೆಗೆದಿಲ್ಲ.

ಟೊಂಗೆಯನ್ನು ಮತ್ತೆ ಕಟ್ಟಿಬಿಡಬೇಕು ಅಂತಲೇ ಇತ್ತು ಮನಸ್ಸಿನಲ್ಲಿ, ದೇವರಾಣೆ. ಅಷ್ಟರಲ್ಲಿ ಬಾಗಿಲಲ್ಲಿ ಗಿರಾಕಿ. ಮದುವೆಮನೆಯ ಜಂಪರ್, ತೋಳು ಬಿಗಿಯಾಗಿದೆ, ಈಗಿಂದೀಗಲೇ ಬಿಚ್ಚಿ ಹೊಲಿದು ಕೊಡಬೇಕು. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ನಮ್ಮ ಕಡೆಯ ಮೇ ತಿಂಗಳ ಬಿಸಿಲು ನಿಮಗೆ ಗೊತ್ತಲ್ಲ, ಹತ್ತು ಗಂಟೆಗೆಲ್ಲ ಬಚ್ಚಲುಕಲ್ಲಿನ ಮೇಲೆ ಕಾಲಿಡಲು ಆಗುವುದಿಲ್ಲ. ಹನ್ನೆರಡಕ್ಕೆ ಮಷೀನು ನಿಲ್ಲಿಸಿದಾಗ ಹಿತ್ತಲು ಸುಮ್ಮನಿತ್ತು. ಆಗ ನೆನಪಾಯಿತು. ಎದ್ದು ನಿಂಬೆಗಿಡದ ಕಡೆಗೆ ಹೋದೆ.

ಎರಡು ಮರಿ ಕತ್ತು ಚೆಲ್ಲಿ ಬಿದ್ದಿದ್ದವು. ಮೂರನೆಯದು ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಸದ್ದಿಲ್ಲ.

ಆಗ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಓಡಿಹೋಗಿ ದಾರದ ಡಬ್ಬಿ ತೆರೆದೆ. ನಿಂಬೆ ಎಲೆಗೆ ಹೊಂದುವ ಹಸಿರು ದಾರ ಹುಡುಕಿದೆ. ಎರಡು ಹಸಿರಿತ್ತು, ಅದರಲ್ಲಿ ಯಾವುದು ಸರಿಹೊಂದುತ್ತದೆ ಅಂತ ನೋಡಿ ಆರಿಸಿದೆ. ಕತ್ತರಿಸಿದ ಟೊಂಗೆಯನ್ನು ಮೊದಲಿನ ಜಾಗಕ್ಕೇ ಹಿಡಿದು, ಗಂಟು ಕಾಣದ ಹಾಗೆ ಸುತ್ತಿ ಕಟ್ಟಿದೆ. ಜಂಪರಿಗೆ ತೇಪೆ ಹಾಕಿದರೆ ಗೊತ್ತಾಗಬಾರದು ನೋಡಿ, ಹಾಗೆ.

ಒಂದೂವರೆಗೆ ಕಾಕು ಬಂದಳು, ನಮ್ಮನೆಯವರ ಬಸ್ಸಿಗೇ. ಕಾಲು ತೊಳೆಯಲು ಹಿತ್ತಲಿಗೆ ಬಂದವಳು, ತಂಬಿಗೆ ಕೈಯಲ್ಲಿ ಹಿಡಿದೇ ನಿಂತುಬಿಟ್ಟಳು. ಎಡಗಣ್ಣು ಮುಚ್ಚಿಕೊಂಡಿತು. ಹಸಿರು ಗಿಡದ ನಡುವೆ ಆ ಒಂದು ಟೊಂಗೆಯ ಎಲೆಗಳಷ್ಟೇ ಬಾಡಿ ಜೋತುಬಿದ್ದಿದ್ದವು. ಹತ್ತಿರ ಹೋಗಿ ದಾರ ಮುಟ್ಟಿ ನೋಡಿದಳು.

"ಹಸರು ದಾರಾ ಹುಡಕಿ ಕಟ್ಟೀಯಲ್ಲ ಬೇ," ಅಂದಳು.

ಅಷ್ಟೇ. ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ, ನನ್ನ ಬಾಯಿ ಅಂಥದ್ದು.

ಆಕೆ ಆಗಲೇ ಸ್ಟುಡಿಯೋದೊಳಗೆ ಹೋಗಿದ್ದಳು. ಮೊಳೆ ಕಿತ್ತು ಬೀಳುವ ಸದ್ದು ಕೇಳಿತು. ನೀಲಿ ಪರದೆಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು. "ನಾಕು ಮೂಲಿಗಿ ನಾಕು ಗುಣಕಿ ಹಚ್ಚು. ಜಲ್ದಿ." ನಾನು ಮಷೀನಿಗೆ ಕೂತು ನಾಲ್ಕು ಮೂಲೆಗೂ ದಾರ ಪೋಣಿಸುವ ಬಳೆಯಂಥ ಗುಣಿಕೆ ಹೊಲಿದೆ. ಅವಸರಕ್ಕೆ ಹೊಲಿಗೆ ಡೊಂಕಾಯಿತು. ಗೋಡೆಯ ಮೊಳೆಗೆ ಎರಡು ಮೂಲೆ, ಬಟ್ಟೆತಂತಿಯ ಕಂಬಕ್ಕೊಂದು, ಬೇವಿನ ಟೊಂಗೆಗೊಂದು. ಗೂಡಿನ ಮೇಲೆ, ಕೈ ಎತ್ತಿದರೆ ಸಿಗುವ ಎತ್ತರದಲ್ಲಿ, ಪರದೆ ಚಪ್ಪರವಾಗಿ ನಿಂತಿತು. ನೆರಳು ಬಿತ್ತು. ಸತ್ತ ಎರಡನ್ನೂ ಕಾಕು ಮೆಲ್ಲಗೆ ತೆಗೆದು ನನ್ನ ಅಂಗೈಗೆ ಹಾಕಿದಳು. ಎಷ್ಟು ಹಗುರ ಅಂದರೆ, ಕೈಯಲ್ಲಿ ಏನೂ ಇಲ್ಲ ಅನ್ನಿಸಿತು. ನಿಂಬೆಯ ಬುಡದಲ್ಲಿ ನಾನೇ ಮಣ್ಣು ಮಾಡಿದೆ.

ಆದರೆ ತಾಯಿ ಬರಬೇಕಲ್ಲ? ತನ್ನ ಗೂಡಿನ ಮೇಲೆ ಅಷ್ಟು ದೊಡ್ಡ ನೀಲಿ ಬಟ್ಟೆ ಕಂಡು ಅದು ದೂರ ವಿದ್ಯುತ್ ಕಂಬದ ಮೇಲೆ ಕೂತುಬಿಟ್ಟಿತ್ತು. ಬಾಯಲ್ಲಿ ಹುಳ ಹಿಡಿದೇ ಇತ್ತು. ನಾವಿಬ್ಬರೂ ಅಡುಗೆಮನೆಯ ಕಿಟಕಿಯ ಹಿಂದೆ ಕೂತೆವು. ಹಕ್ಕಿ ಬೇವಿನವರೆಗೆ ಬರುವುದು, ಪರದೆ ನೋಡಿ ಹಾರಿಹೋಗುವುದು. ಮತ್ತೆ ಬರುವುದು, ಮತ್ತೆ ಹೋಗುವುದು. ಅರ್ಧ ತಾಸಾಯಿತು. ಅದು ಬಂದು ತಿನ್ನಿಸದಿದ್ದರೆ ಸಂಜೆಯೊಳಗೆ ಮೂರನೆಯದೂ ನನ್ನ ಅಂಗೈಗೆ ಬರುತ್ತದೆ ಅಂತ ಗೊತ್ತಿತ್ತು. ಬಸವಾ ಬಸವಾ ಅಂತ ಒಳಗೇ ಅಂದುಕೊಳ್ಳುತ್ತಿದ್ದೆ.

ಕಾಕು ಒಮ್ಮೆಲೇ ಕೇಳಿದಳು. "ಡಬ್ಬಿ ಎಲ್ಲದ?"

"ಬಚ್ಚಲಕಲ್ಲಿನ ಕಡಿಗಿ ಒಗದೀನ್ರಿ."

"ಮೊದಲ ಎಲ್ಲಿತ್ತೋ ಅಲ್ಲೇ ಇಟ್ಟು ಬಾ. ಆಕಿಗಿ ಹಿತ್ತಲ್ದಾಗ ಗುರ್ತಿದ್ದದ್ದು ಅದೊಂದೇ ಅದ."

ಓಡಿದೆ. ಡಬ್ಬಿ ಬೆಂಕಿಯಾಗಿತ್ತು, ನೀರು ಹಾಕಿ ತಣ್ಣಗೆ ಮಾಡಿದೆ. ಸ್ಟೂಲನ್ನು ಹತ್ತು ಮೊಳಕ್ಕೆ ಸರಿಸಿ, ಡಬ್ಬಿಯನ್ನು ಅಡ್ಡ ಮಲಗಿಸಿ, ಬಾಯಿ ಗೂಡಿನ ಕಡೆಗೆ ಮಾಡಿ ಬಂದೆ. ಮತ್ತೆ ಕಿಟಕಿ. ಹಕ್ಕಿ ಬೇವಿಗೆ ಬಂತು. ಕತ್ತು ಓರೆ ಮಾಡಿ ಪರದೆ ನೋಡಿತು. ಆಮೇಲೆ ಡಬ್ಬಿ ನೋಡಿತು. ಇಳಿದು ಬಂದು ಡಬ್ಬಿಯ ಮೇಲೆ ಕೂತಿತು. ಕಾಕು ನನ್ನ ಮುಂಗೈ ಹಿಡಿದಿದ್ದಳು, ಬಳೆ ಒತ್ತಿ ನೋಯುತ್ತಿತ್ತು. ಡಬ್ಬಿಯಿಂದ ಕೆಳಗಿನ ಟೊಂಗೆ, ಅಲ್ಲಿಂದ ಗೂಡಿನ ಅಂಚು. ಆ ಸಣ್ಣ ಬಾಯಿ ಮೇಲೆದ್ದಿತು. ಹುಳ ಒಳಗೆ ಹೋಯಿತು.

ನಾನು ಅಲ್ಲೇ ಕೂತು ಹೋ ಅಂತ ಅತ್ತುಬಿಟ್ಟೆ.

ಅವತ್ತಿನಿಂದ ಎಂಟು ದಿನ ಸ್ಟುಡಿಯೋದಲ್ಲಿ ಪರದೆಯೇ ಇರಲಿಲ್ಲ. ಬಂದವರು "ಎಲ್ಲಿ ಹೋತ್ರಿ ಪರದಿ?" ಅಂತ ಕೇಳಿದರೆ ಕಾಕು "ಬಾಣಂತನಕ್ಕ ಹೋಗ್ಯಾದ್ರಿ" ಅನ್ನುತ್ತಿದ್ದಳು. ಸುಣ್ಣದ ಗೋಡೆಯ ಮುಂದೆ ಕೂಡಿಸಿ ತೆಗೆಯುತ್ತಿದ್ದಳು. ಮಗಳ ಫೋಟೋ ವರನ ಕಡೆಗೆ ಕಳಿಸಬೇಕಾಗಿದ್ದ ದೊಡ್ಡ ಮನೆಯವರೊಬ್ಬರು, ಪೊರೆ ಬಿಟ್ಟ ಗೋಡೆ ನೋಡಿ ಮುಖ ಗಂಟಿಕ್ಕಿ ಬೇರೆ ಸ್ಟುಡಿಯೋಕ್ಕೆ ಹೋದರು. ಪಿಂಚಣಿಗೆ ಬಂದ ಒಬ್ಬ ಮುತ್ಯಾ ಹಟ ಹಿಡಿದ. "ನನಗ ನೀಲಿ ಪರದಿನೇ ಬೇಕು. ಬೇಕಾದ್ರ ನನ್ನೂ ಹಿತ್ತಲಕ್ಕೇ ಕರಕೊಂಡು ಹೋಗ್ರಿ."

"ಬಾಣಂತಿ ಖೋಲ್ಯಾಗ ಗಂಡಸರದು ಏನ್ ಕೆಲಸ ಮುತ್ಯಾ?" ಅಂದಳು ಕಾಕು. ಆತ ನಕ್ಕು ನಕ್ಕು ಕೆಮ್ಮಿ, ಗೋಡೆಯ ಮುಂದೆಯೇ ಕೂತ. ಆ ಫೋಟೋದಲ್ಲಿ ಆತನ ಹೆಗಲು ಎಷ್ಟು ಚಂದ ಇಳಿದಿದ್ದವು ಅಂತೀರಿ.

ಎಲ್ಲರ ಜೊತೆಗೂ ನಗುವವಳು ನನಗೊಂದು ಮಾತು ಬೈಯಲಿಲ್ಲ. ಅದೇ ನನ್ನನ್ನು ತಿನ್ನುತ್ತಿತ್ತು. ಮೂರನೇ ದಿನ ಇಬ್ಬರೂ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಾಗ ತಡೆಯಲಾರದೆ ಮೊರ ಕೆಳಗಿಟ್ಟೆ.

"ಬೈದುಬಿಡ್ರಿ ಕಾಕು. ಖೋಲಿ ಬಿಟ್ಟು ಹೋಗು ಅನ್ರಿ. ಹಿಂಗ ಸುಮ್ಮ ಇರಬ್ಯಾಡ್ರಿ, ನನಗ ಅನ್ನ ಇಳ್ಯಾಂಗಿಲ್ಲ."

ಆಕೆ ಕಲ್ಲು ಆರಿಸುತ್ತಲೇ ಇದ್ದಳು.

"ಮೊನ್ನಿ ಕರಜಗಿಗಿ ಹೋಗಿದ್ನೆಲ್ಲ. ಭಾಳ ವರ್ಷದ ಹಿಂದ ಅದೇ ಊರಾಗ ಒಬ್ಬ ಮುತ್ಯಾ ಲಿಂಗೈಕ್ಯ ಆಗಿದ್ದ. ಹಿಂಗೇ ಬ್ಯಾಸಿಗಿ."

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಧರಿಸಿ, ಹೂವು ಹಾಕಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಮನೆಯವರೆಲ್ಲ ಅಕ್ಕಪಕ್ಕ ಕೂತ ಮೇಲೆ ಒಂದು ಫೋಟೋ ಆಗಲೇಬೇಕು. ಎಷ್ಟೋ ಮನೆಗಳಲ್ಲಿ ಮುದುಕರದು ಅಂತ ಇರುವುದು ಅದೊಂದೇ ಫೋಟೋ. ಕಾಕುವಿಗೆ ಈ ಕೆಲಸ ವರ್ಷವಿಡೀ ಇರುತ್ತಿತ್ತು.

"ಅಂಗಳದಾಗ ಕೂಡ್ಸಿದ್ರು. ಮ್ಯಾಲೆ ಚಪ್ಪರ ಹಾಕಿದ್ರು. ನನಗ ಬೆಳಕ ಸಾಲಲಿಲ್ಲ. ಚಪ್ಪರ ತಗೀರಿ ಅಂದೆ. ತಗದ್ರು. ಫೋಟೋದಾಕಿ ಹೇಳಿದ್ರ ಯಾರು ಇಲ್ಲ ಅಂತಾರ? ಒಬ್ಬೊಬ್ರನ್ನೇ ಇಲ್ಲಿ ಕೂಡ್ರಿ, ಅಲ್ಲಿ ಕೂಡ್ರಿ ಅಂತ ಜೋಡಸ್ಕೋತ ನಿಂತೆ. ಅರ್ಧ ತಾಸು. ಆ ಮುತ್ಯಾನ ಹೆಂಡತಿ, ಮುದುಕಿ, ಹೆಣದ ಬಾಜೂಕ ಬಿಸಲಾಗೇ ಕೂತಿದ್ಳು. ನೀರ ಬೇಕು ಅಂತ ಸೈತ ಕೇಳಲಿಲ್ಲ. ನಾ ಆಕಿನ್ನ ನೋಡಲಿಲ್ಲ ಬೇ, ಬೆಳಕ ನೋಡಾಕತ್ತಿದ್ದೆ. ಫೋಟೋ ಮುಗದು ಕ್ಯಾಮೆರಾ ಇಳಸಿದಾಗ ಆಕಿ ಗಂಡನ ಮ್ಯಾಲೆ ಹೊರಳಿ ಬಿದ್ಳು."

"ಹೋಗೇಬಿಟ್ಳೇನ್ರಿ?"

"ಇಲ್ಲ, ಉಳದ್ಳು. ಲಕ್ವಾ ಹೊಡದು ಒಂದ ಮಗ್ಗಲ ಹೋತು. ಮತ್ತ ಏಳಲಿಲ್ಲ." ಕಾಕು ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. "ಫೋಟೋ ಭಾಳ ಛಲೋ ಬಂದಿತ್ತು. ಮೊನ್ನಿನೂ ಅವರ ಮನ್ಯಾಗ ನೋಡಿ ಬಂದೀನಿ. ಊಟಕ್ಕ ಕರದ್ರು. ಅವರಿಗಿ ಇವತ್ತಿಗೂ ನನ್ನ ಮ್ಯಾಲೆ ಸಿಟ್ಟಿಲ್ಲ. ನಾ ಯಾವ ಬಾಯಿಲೆ ನಿನಗ ಬೈಲಿ?"

ಆ ಸಂಜೆ ನನ್ನ ಫೋಟೋ ತೋರಿಸು ಅಂದಳು. ಬಹಳ ಹೊತ್ತು ನೋಡಿದಳು. "ಚಂದ ಬಂದದ," ಅಂದಳು. ಸುಳ್ಳು ಹೇಳುವವಳಲ್ಲ. ಅಳಿಸಿಬಿಡುತ್ತೇನೆ ಅಂದೆ. "ಅಳಸಬ್ಯಾಡ. ಮರತುಬಿಡ್ತಿ," ಅಂದು ಒಂದೇ ಒಂದು ಪ್ರತಿ ತೆಗೆದು ನನ್ನ ಕೈಗಿಟ್ಟಳು. ಸ್ಪರ್ಧೆಗೆ ಕಳಿಸು ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ನಾನು ಕಳಿಸಲಿಲ್ಲ. ಕತ್ತರಿ ಇಡುವ ಡಬ್ಬಿಯ ತಳದಲ್ಲಿ ಅದನ್ನು ಹಾಸಿದ್ದೇನೆ. ದಿನಾ ಕತ್ತರಿ ತೆಗೆಯುವಾಗ ಮೂರು ಕೆಂಪು ಬಾಯಿ ಕಾಣುತ್ತವೆ.

ಎಂಟನೆಯ ದಿನ ಸಂಜೆ ಅಡ್ಡಮಳೆಯ ಗಾಳಿ ಎದ್ದಿತು. ಪರದೆ ಪಟಪಟ ಬಡಿದುಕೊಂಡು, ನಾನು ಡೊಂಕು ಹೊಲಿದಿದ್ದ ಎರಡು ಗುಣಿಕೆ ಕಿತ್ತವು. ಬಟ್ಟೆ ಗೂಡಿನ ಮೇಲೆ ಬೀಳಬಾರದೆಂದು ನಾನೊಂದು ಮೂಲೆ, ಕಾಕು ಒಂದು ಮೂಲೆ ಹಿಡಿದು, ಕೈ ಎತ್ತಿ ನಿಂತೆವು. ಕಣ್ಣಲ್ಲಿ ಧೂಳು. ಆಗಲೇ ಆ ಮರಿ ಗೂಡಿನ ಅಂಚಿಗೆ ಬಂತು. ತಾಯಿ ಬೇವಿನಿಂದ ಕೂಗುತ್ತಿತ್ತು. ಮರಿ ಒಮ್ಮೆ ಕೆಳಗೆ ನೋಡಿತು, ಒಮ್ಮೆ ನಮ್ಮನ್ನು ನೋಡಿತು, ಹಾರಿತು. ಹಾರಿತು ಅಂದರೆ, ಮೊದಲು ಡಬ್ಬಿಯ ಮೇಲೆ ಬಿದ್ದಿತು! ಅಲ್ಲಿಂದ ಕಾಂಪೌಂಡು, ಅಲ್ಲಿಂದ ಬೇವು. ಇಬ್ಬರ ಕೈಯಲ್ಲೂ ಪರದೆ. ಕ್ಯಾಮೆರಾ ಹಿಡಿಯುವವರು ಯಾರೂ ಇರಲಿಲ್ಲ. ನೆಂದು ತೊಪ್ಪೆಯಾಗುತ್ತ ನಿಂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಪರದೆಯನ್ನು ಸೋಡಾ ಹಾಕಿ ತೊಳೆದರೂ ಒಂದು ಕಡೆ ಹಕ್ಕಿ ಹಿಕ್ಕೆಯ ಕಲೆ ಹೋಗಲಿಲ್ಲ, ಬಣ್ಣವನ್ನೇ ತಿಂದಿತ್ತು. ಮತ್ತೆ ಗೋಡೆಗೆ ಹಾಕಿದಾಗ ಆ ಬಿಳಿ ಚುಕ್ಕೆ ಕೂತವರ ಎಡಹೆಗಲ ಮೇಲೆ ಬರತೊಡಗಿತು. ಹೊಸ ಪರದೆ ತರೋಣ ಅಂದರೆ ಕಾಕು ಒಪ್ಪಲಿಲ್ಲ. ನಮ್ಮೂರಿನ ಎಷ್ಟೋ ಮಂದಿಯ ಪಾಸ್‌ಬುಕ್ಕು ತೆರೆದು ನೋಡಿ, ಎಡಹೆಗಲ ಮೇಲೆ ಒಂದು ಬಿಳಿ ಚುಕ್ಕೆ ಕಂಡೀತು. ಅದು ಏನು ಅಂತ ಅವರಿಗೆ ಗೊತ್ತಿಲ್ಲ.

ಕಡೆಕಡೆಗೆ ಆಕೆಗೆ ಕೈ ನಡುಗತೊಡಗಿತು. ಮುಂಜಾನೆ ಜಂಪರ್, ಮಧ್ಯಾಹ್ನ ಸ್ಟುಡಿಯೋ ಅಂತ ನಾನೇ ಎರಡೂ ನೋಡಿಕೊಳ್ಳತೊಡಗಿದೆ. ನಾನು ತೆಗೆದ ಫೋಟೋ ಹ್ಯಾಂಗ ಬಂದದ ಅಂತ ಕಾಕು ಕೇಳಿ, ಒಂದು ಕಣ್ಣು ಮುಚ್ಚಿ ನೋಡಿ, ತಲೆ ಆಡಿಸುತ್ತಿದ್ದಳು. ಹೋದ ಬೇಸಿಗೆಯಲ್ಲಿ ನಾಲ್ಕು ದಿನ ಜ್ವರ ಅಂತ ಮಲಗಿದವಳು ಐದನೆಯ ದಿನ ಮುಂಜಾನೆ ಏಳಲಿಲ್ಲ. ಚಹಾ ಒಯ್ದವಳು ನಾನೇ. ಎರಡೂ ಕಣ್ಣು ಮುಚ್ಚಿದ್ದವು, ಎರಡೂ ಒಂದೇ ಅಳತೆಗೆ.

ಜೇವರ್ಗಿಯಿಂದ ಆಕೆಯ ತಂಗಿ ಬಂದಳು, ಎಪ್ಪತ್ತು ದಾಟಿದ ಮುದುಕಿ. ತಂಗಿಯ ಮಗ, ಸೊಸೆ, ಮಕ್ಕಳು. ಹಿತ್ತಲಲ್ಲಿ ನಿಂಬೆಗಿಡದ ಪಕ್ಕದ ಕಟ್ಟೆಯ ಮೇಲೆ ಕಾಕುವನ್ನು ಕೂಡಿಸಿದರು. ಹಣೆಗೆ ವಿಭೂತಿ, ಕೊರಳಿಗೆ ಸೇವಂತಿಗೆ. ಕಟ್ಟೆಗೆ ಬಿಸಿಲು ಬರುತ್ತದೆ ಅಂತ ನಾನು ಯಾರನ್ನೂ ಕೇಳದೆ ಸ್ಟುಡಿಯೋದಿಂದ ನೀಲಿ ಪರದೆ ತಂದು ಮೇಲೆ ಕಟ್ಟಿದೆ. ಹಳೆಯ ಮೊಳೆಗಳು ಇನ್ನೂ ಅಲ್ಲೇ ಇದ್ದವು. ಫೋಟೋ ಯಾರು ತೆಗೆಯಬೇಕು ಅಂತ ಯಾರೂ ಕೇಳಲೂ ಇಲ್ಲ. ಎಲ್ಲರೂ ನನ್ನ ಕಡೆ ನೋಡಿದರು.

ಕ್ಯಾಮೆರಾಕ್ಕೆ ಕಣ್ಣು ಹಚ್ಚಿದೆ. ಒಳಗೆ ಕತ್ತಲು. ಹೊರಗೆ ಸುಡುವ ಬಿಳಿ ಬಿಸಿಲು, ಪರದೆಯ ಕೆಳಗೆ ನೀಲಿ ನೆರಳು.

"ಅಕ್ಕಾರ, ಆ ಪರದಿ ಸರಸ್ರಿ," ಅಂದ ತಂಗಿಯ ಮಗ. "ದೊಡ್ಡವ್ವನ ಮಾರಿ ಕತ್ತಲಾಗಿ ಬರ್ತದ. ಇದೊಂದೇ ಫೋಟೋ ಉಳ್ಯೋದು ನಮಗ."

"ಸರಸಂಗಿಲ್ರಿ," ಅಂದೆ.

"ಎರಡು ಮಿನಿಟಿನ ಕೆಲಸ್ರಿ. ಅವರೇ ಇದ್ದಿದ್ರ ಬೆಳಕಿಲ್ದ ತಗೀತಿದ್ರೇನು?"

ನೆರೆದವರೂ ಹೌದು ಹೌದು ಅಂದರು. ಒಬ್ಬರು ಹಗ್ಗ ಬಿಚ್ಚಲು ಎದ್ದೇಬಿಟ್ಟರು. ನನಗೆ ಸಿಟ್ಟು ಬಂತು, ಮೊದಲಿನ ಹಾಗೆ ಮೂಗಿನ ತುದಿಗೆ. "ಹಗ್ಗಕ್ಕ ಕೈ ಹಚ್ಚಿದ್ರ ನೋಡ್ರಿ ಮತ್ತ! ನಿಮ್ಮವ್ವ ಎಲ್ಲಿ ಕೂತಾಳ ನೋಡೀರೇನು?"

ಆತ ತಿರುಗಿ ನೋಡಿದ. ಆ ಮುದುಕಿ ಅಕ್ಕನ ಮಗ್ಗುಲಿಗೆ ಆನಿಕೊಂಡು, ಅಕ್ಕನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆಕೆಗೆ ನಮ್ಮ ಮಾತು ಯಾವುದೂ ಕೇಳಿಸುತ್ತಿರಲಿಲ್ಲ. ಆತ ಹೋಗಿ ಅವ್ವನಿಗೆ ಒಂದು ತಂಬಿಗೆ ನೀರು ತಂದುಕೊಟ್ಟ.

ನಾನು ಮತ್ತೆ ಕ್ಯಾಮೆರಾ ಎತ್ತಿದೆ. ಹೆಗಲು ಕಿವಿಯವರೆಗೂ ಏರಿದ್ದು ಗೊತ್ತಾಯಿತು. ಇಳಿಸಿದೆ. ಇಷ್ಟು ವರ್ಷ ಕಲಿಸಿದವಳ ಮುಂದೆ ನಿಂತು ಅದೊಂದನ್ನಾದರೂ ಸರಿಯಾಗಿ ಮಾಡಬೇಕಲ್ಲ. ಎಡಗಣ್ಣು ಮುಚ್ಚಿ, ಒತ್ತಿದೆ.

ಫೋಟೋ ಕತ್ತಲಾಗಿಯೇ ಬಂತು. ಜೇವರ್ಗಿಯವರು ಅದನ್ನು ಗೋಡೆಗೆ ಹಾಕಿ, ಮೇಲೊಂದು ಟ್ಯೂಬ್‌ಲೈಟ್ ಹಚ್ಚಿದ್ದಾರಂತೆ. ಒಂದು ಪ್ರತಿ ನನ್ನ ಮಷೀನಿನ ಮುಂದೆ ಇದೆ. ಜಂಪರ್ ಕೊಡಲು ಬಂದವರು, ಇದೇನು, ಮುಖವೇ ಸರಿ ಕಾಣುವುದಿಲ್ಲವಲ್ಲ ಅನ್ನುತ್ತಾರೆ. ಸ್ವಲ್ಪ ಹೊತ್ತು ನಿಂತು ನೋಡಿ ಅನ್ನುತ್ತೇನೆ. ನಿಂತು ನೋಡಿದರೆ ಮೊದಲು ವಿಭೂತಿ ಕಾಣುತ್ತದೆ, ಆಮೇಲೆ ಮುಖ, ಆಮೇಲೆ ಮಗ್ಗುಲಿಗೆ ಕೂತ ತಂಗಿ, ಅವಳ ಕೈಯಲ್ಲಿ ನೀರಿನ ತಂಬಿಗೆ. ಆ ಫೋಟೋದಲ್ಲಿ ಯಾರೂ ಬಿಸಿಲಿಗೆ ಕೂತಿಲ್ಲ.